ಅಂಗೈ ಮೇಲೆ ಇಟ್ಟು ನೋಡಿ

ನಾವೆಲ್ಲ ಬಾಯಿ ಎನ್ನುತ್ತಿದ್ದವರು ತೀರಿಕೊಂಡ ಮೇಲೆ ಚೆಂಬೂರಿನ ಸಭಾಂಗಣವೊಂದರಲ್ಲಿ ಅವರ ನೆನಪಿಗೆಂದು ಒಂದು ಸಂಜೆ ಜನ ಸೇರಿದ್ದರು. ಮಾತನಾಡಿದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. ಅವರದು ಮಗುವಿನಂಥ ಮನಸ್ಸು, ಮಕ್ಕಳೆಂದರೆ ಪ್ರಾಣ, ಮಕ್ಕಳ ನಡುವೆ ಕುಳಿತರೆ ಅವರೂ ಮಗುವೇ ಆಗಿಬಿಡುತ್ತಿದ್ದರು, ಇತ್ಯಾದಿ. ಅವರ ಜೊತೆ ಕೆಲಸ ಮಾಡಿದವಳೆಂದು ನನ್ನನ್ನೂ ಎರಡು ಮಾತಾಡಲು ಕರೆದರು. ನಾನು ಬೇಡವೆಂದು ಕೈ ಮಾಡಿ ಕುಳಿತಲ್ಲೇ ಉಳಿದೆ. ಸಭೆಯಲ್ಲಿ ಮಾತಾಡುವುದು ನನಗೆ ಬರುವುದಿಲ್ಲ. ಬಂದಿದ್ದರೂ ನಾನು ಹೇಳುವ ಮಾತು ಆ ಸಂಜೆಗೆ ಹೊಂದುತ್ತಿರಲಿಲ್ಲ. ನಾನು ಕಂಡ ಬಾಯಿಗೆ ಮಕ್ಕಳೆಂದರೆ ಭಯ.

ತಾವು ಬರೆದ ಒಂದು ಸಾಲನ್ನು ನಂಬಿ ಒಂದು ಮಗು ಏನು ಮಾಡಿಬಿಡುತ್ತದೋ ಎಂಬ ಭಯ ಅದು. "ದೊಡ್ಡವರು ಓದಿ ಮರೀತಾರ, ಕೂಸು ಓದಿ ಮಾಡ್ತದ" ಎನ್ನುತ್ತಿದ್ದರು. ಇದನ್ನು ಅವರು ಹೇಳುತ್ತಿದ್ದುದು ಯಾರನ್ನೂ ಮೆಚ್ಚಿಸಲು ಅಲ್ಲ. ಹೇಳುವಾಗ ಬಲಗೈಯ ಹೆಬ್ಬೆರಳು ಮೇಜಿನ ಅಂಚನ್ನು ಒತ್ತುತ್ತಿತ್ತು, ಉಗುರು ಬಿಳಿಚುವಷ್ಟು.

ಧಾರವಾಡದ ಕಡೆ ಶಿಕ್ಷಕಿಯರನ್ನು ಬಾಯಿ ಎನ್ನುತ್ತಾರೆ. ಮರಾಠಿಯಲ್ಲೂ ಹಾಗೇ. ಆದ್ದರಿಂದ ಮುಂಬಯಿಯಲ್ಲಿ ಅವರಿಗೆ ಬೇರೆ ಹೆಸರಿನ ಅಗತ್ಯವೇ ಬೀಳಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ, ಮಕ್ಕಳಿಗಾಗಿ ವಿಜ್ಞಾನದ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ತರುತ್ತಿದ್ದ ಒಂದು ಸಣ್ಣ ಪ್ರಕಾಶನದಲ್ಲಿ ಕನ್ನಡದ ಹೊಣೆ ಹೊತ್ತಿದ್ದರು. ವಿಲೆ ಪಾರ್ಲೆ ಪೂರ್ವದಲ್ಲಿ, ಹಳೆಯ ಬಿಲ್ಡಿಂಗೊಂದರ ಎರಡನೆಯ ಮಹಡಿಯಲ್ಲಿ ಎರಡು ಕೋಣೆಗಳ ಆಫೀಸು. ಎಂ.ಎಸ್ಸಿ. ಮುಗಿಸಿದ ನಾನು ಅಲ್ಲಿಗೆ ಅವರ ಸಹಾಯಕಿಯಾಗಿ ಸೇರಿದೆ. ನಮ್ಮ ಮನೆಯ ಮಾತು ತುಳು. ಕನ್ನಡ ಓದಿ ಬರೆಯುವುದನ್ನು ಅಮ್ಮ ಕಲಿಸಿದ್ದಳು.

ಮೊದಲ ವಾರ ನನಗೆ ಕಾಗೆಯ ಬಗ್ಗೆ ಒಂದು ಪುಟ ಬರೆಯಲು ಹೇಳಿದರು. ಕಾಗೆ ಒಣ ಕಡ್ಡಿಗಳನ್ನು ತಂದು ಗೂಡು ಕಟ್ಟುತ್ತದೆ ಎಂದು ಬರೆದೆ.

"ತಂಗಿ, ಕಾಗಿ ಗೂಡು ನೋಡೀಯೇನು?"

"ಊರಲ್ಲಿ ನೋಡಿದ್ದೇನೆ ಬಾಯಿ."

"ಊರಿನ ಕಾಗಿ ಊರಾಗ ಇರ್ಲಿ. ಈ ಪುಸ್ತಕ ಓದೋ ಕೂಸು ಚಾಳಿನಾಗ ಇರ್ತದ. ಕೆಳಗ ಟ್ರಾನ್ಸ್‌ಫಾರ್ಮರ್ ಬಾಜೂಕ ಗಿಡದಾಗ ಒಂದು ಗೂಡು ಅದ. ನೋಡಿ ಬಾ, ಹೋಗು."

ಬಿಸಿಲಲ್ಲಿ ಕತ್ತೆತ್ತಿ ನಿಂತೆ. "ಕ್ಯಾ ಹುವಾ ಮೇಡಂ, ಕುಛ್ ಗಿರಾ ಕ್ಯಾ?" ಎಂದು ವಾಚ್‌ಮನ್ ಏನಾದರೂ ಬಿತ್ತೇನೋ ಎಂದುಕೊಂಡು ವಿಚಾರಿಸಿ ಹೋದ. ಗೂಡಿನಲ್ಲಿ ಕಡ್ಡಿಗಿಂತ ತಂತಿಯೇ ಹೆಚ್ಚಿತ್ತು. ಕರೆಂಟಿನ ತಂತಿ, ಕೇಬಲ್ಲಿನ ತುಂಡು, ಬಗ್ಗಿಸಿ ಒಳಗೆ ತುರುಕಿದ ಒಂದು ಹ್ಯಾಂಗರ್. ಮೇಲೆ ಬಂದು ತಿದ್ದಿ ಬರೆದೆ. ಓದಿದ ಬಾಯಿ, "ಹ್ಞಾ, ಈಗ ಇದು ನಮ್ಮ ಕಾಗಿ ಆತು" ಎಂದರು. ಆ ವರ್ಷ ನನಗೆ ಸಿಕ್ಕ ಮೆಚ್ಚುಗೆ ಅದೊಂದೇ. ಬೈಗುಳಕ್ಕೆ ಬರವಿರಲಿಲ್ಲ. "ನಿಮ್ಮ ಮಂಗಳೂರು ಕಡೀಯವರ ಕನ್ನಡ ಇಸ್ತ್ರಿ ಮಾಡಿ ಮಡಿಚಿಟ್ಟ ಸೀರಿ ಇದ್ಧಂಗ. ಉಡೂದು ಯಾವಾಗವ್ವಾ?" ಎಂದು ನಾನು ಬರೆದ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು.

ಅವರ ಭಯ ಮನೆಯವರೆಗೂ ಬರುತ್ತಿತ್ತು. ಬೆಳಿಗ್ಗೆ ಅಮ್ಮ ಮಿಕ್ಸರ್ ತಿರುಗಿಸುತ್ತಿರುವಾಗ ಫೋನು. "ಆ ಅಯಸ್ಕಾಂತದ ಪುಟದಾಗ ಗುಂಡುಸೂಜಿ ಅಂತ ಹಾಕೀವಿ ನೋಡು, ತಗಿ. ಸಣ್ಣ ಕೂಸು ಬಾಯಾಗ ಇಟ್ಕೊಂಡ್ರ?" ಗುಂಡುಸೂಜಿ ಹೋಗಿ ಸ್ಟೀಲಿನ ಚಮಚ ಬಂತು. ಹುಳಿ ಪದಾರ್ಥಗಳ ಪುಸ್ತಕದಲ್ಲಿ ನಿಂಬೆಹಣ್ಣಿನ ರುಚಿ ನೋಡಿ ಎಂದು ಬರೆದಿದ್ದೆ. ಅದೂ ಹೋಯಿತು. "ಇವತ್ತು ನಿಂಬಿಹಣ್ಣು ನೆಕ್ಕು ಅಂದಿ, ನಾಳೆ ಅದು ಫಿನೈಲ್ ನೆಕ್ತದ. ಅದಕ್ಕೇನು ಗೊತ್ತು, ನೀ ಎಲ್ಲಿ ನಿಲ್ಲಸ್ತೀ ಅಂತ?" ಪುಸ್ತಕದಲ್ಲಿ ಬರುವ ಪ್ರತಿಯೊಂದು ಪ್ರಯೋಗವನ್ನೂ ತಮ್ಮ ಅಡುಗೆಮನೆಯಲ್ಲಿ ಮಾಡಿ ನೋಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಮಗು ಎಷ್ಟು ಒಡ್ಡೊಡ್ಡಾಗಿ ಮಾಡಬಹುದೋ ಅಷ್ಟೇ ಒಡ್ಡೊಡ್ಡಾಗಿ. ಬೇಕೆಂದೇ ನೀರು ಚೆಲ್ಲಿ, ಲೋಟ ಬೀಳಿಸಿ.

ಇಷ್ಟು ಎಚ್ಚರದ ಮನುಷ್ಯರಿಗೆ ಎರಡು ನಿಯಮಗಳಿದ್ದವು. ಇವನ್ನು ವಿವರಿಸದೆ ಮುಂದಿನದನ್ನು ಹೇಳಲಾಗುವುದಿಲ್ಲ.

ಮೊದಲನೆಯದು, ಚಿತ್ರದ ಕೆಳಗಿನ ಸಾಲುಗಳಲ್ಲಿ ಆ ಪ್ರಾಣಿಯ ಹೆಸರು ಬರಕೂಡದು. ಹೆಸರು ಹೇಳಿದ ಕೂಡಲೇ ಮಗು ನೋಡುವುದನ್ನು ನಿಲ್ಲಿಸುತ್ತದೆ ಎಂಬುದು ಅವರ ನಂಬಿಕೆ. ಮೊದಲು ನೋಡಲಿ, ಹೆಸರು ಪುಟ ತಿರುಗಿಸಿದ ಮೇಲೆ.

ಎರಡನೆಯದು, ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಕೊನೆಯ ಕರಡನ್ನು ಒಂದು ಮಗುವೇ ಗಟ್ಟಿಯಾಗಿ ಓದಬೇಕು. ಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ತೆರೆದಿದ್ದರೆ ನನಗೆ ಗೊತ್ತಿರುವುದನ್ನೇ ಓದಿಬಿಡುತ್ತೇನೆ, ಕೇಳಿದರೆ ಮಾತ್ರ ಮಗುವಿಗೆ ತಲುಪಿದ್ದೇನು ಅಂತ ತಿಳಿಯುತ್ತದೆ ಎನ್ನುತ್ತಿದ್ದರು. ಮಗು ತಡವರಿಸಿದ ಪದಕ್ಕೆ ನಾನು ಪಕ್ಕದಲ್ಲಿ ಕುಳಿತು ನನ್ನ ಹಾಳೆಯಲ್ಲಿ ಗೆರೆ ಎಳೆಯಬೇಕು.

ಹೀಗೆ ಓದಲು ಬರುತ್ತಿದ್ದವಳು ಸಾಂತಾಕ್ರೂಜ್ ಪೂರ್ವದ, ಒಂದೊಂದೇ ಕೋಣೆಯ ಮನೆಗಳ ಒಂದು ಚಾಳಿನ ಹುಡುಗಿ. ಕನ್ನಡ ಶಾಲೆಯಲ್ಲಿ ಐದನೆಯ ತರಗತಿ. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಅಪ್ಪನಿಗೆ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಲೋಡರ್ ಕೆಲಸ. ಶನಿವಾರ ಮಧ್ಯಾಹ್ನ ಅವಳಮ್ಮ ಅವಳನ್ನು ಕರೆತಂದು ಹೊರಗಿನ ಕುರ್ಚಿಯಲ್ಲಿ ಕುಳಿತು ಕಾಯುತ್ತಿದ್ದಳು. ಹುಡುಗಿ ಓದುವುದರಲ್ಲಿ ಎಷ್ಟು ಚುರುಕೋ ಜಗಳದಲ್ಲೂ ಅಷ್ಟೇ.

"ಜಲಚರ ಅಂದ್ರ ಏನ್ರಿ ಬಾಯಿ?"

"ನೀರಾಗ ಇರೋವು."

"ಹಂಗಾದ್ರ ನೀರಾಗ ಇರೋವು ಅಂತ ಬರೀರಲ್ಲ. ಜಾಗಾ ಇಲ್ಲೇನು?"

ಬಾಯಿ ಕಣ್ಣು ತೆರೆಯದೆ ನನಗೆ ಹೇಳಿದರು, "ತಂಗಿ, ಹೊಡದ್ ಹಾಕು ಅದನ್ನ."

ಅದು ಸಮುದ್ರದ ದಂಡೆಯ ಪುಸ್ತಕ. ಮುಂಬಯಿಯ ಮಕ್ಕಳು ದಂಡೆಗೆ ಹೋಗುವುದು ಭೇಲ್ ತಿನ್ನಲು, ಒಂಟೆ ಹತ್ತಲು. ನೀರು ಇಳಿದಾಗ ಮರಳ ಮೇಲೆ ಏನೇನು ಉಳಿದಿರುತ್ತದೆ ಎಂದು ತೋರಿಸಬೇಕೆಂಬುದು ಬಾಯಿಯ ಬಹಳ ದಿನದ ಆಸೆ. ಅದರಲ್ಲಿ ಎದುರುಬದುರು ಎರಡು ಪುಟ. ಒಂದರಲ್ಲಿ ದುಂಡನೆಯ, ಒಳಗೆ ಜೀವವಿಲ್ಲದ ಬಸವನಹುಳುವಿನ ಚಿಪ್ಪು. ಅದರ ಕೆಳಗಿನ ಸಾಲು: 'ಇದನ್ನು ನಿಧಾನವಾಗಿ ಎತ್ತಿಕೊಳ್ಳಿ. ಅಂಗೈ ಮೇಲೆ ಇಟ್ಟು ನೋಡಿ. ಎಷ್ಟು ಹಗುರ! ಈಗ ಕಿವಿಯ ಹತ್ತಿರ ಹಿಡಿಯಿರಿ.' ಇನ್ನೊಂದರಲ್ಲಿ ಮಳೆಗಾಲದ ಮೊದಲ ಅಲೆಗಳು ತಂದು ಹಾಕುವ, ಜನ ಬ್ಲೂ ಬಾಟಲ್ ಎನ್ನುವ ಜೀವಿ. ನೀಲಿ ಬಲೂನಿನಂತೆ ಚೆಂದ. ಕೆಳಗೆ ಇಳಿಬಿದ್ದ ದಾರದಂಥ ಎಳೆಗಳಲ್ಲಿ ವಿಷ. ಬಲೂನಿಗೆ ಧಾರವಾಡದ ಕಡೆ ಫುಗ್ಗಾ ಎನ್ನುವುದರಿಂದ ನಾವು ಅದಕ್ಕೆ ನೀಲಿ ಫುಗ್ಗಾ ಎಂದು ಹೆಸರಿಟ್ಟಿದ್ದೆವು. ಅದರ ಸಾಲು: 'ಇದನ್ನು ಮುಟ್ಟಬೇಡಿ. ಸತ್ತಂತೆ ಕಂಡರೂ ಕಚ್ಚುತ್ತದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ.'

ನಮ್ಮಲ್ಲಿ ಚಿತ್ರಗಳ ಅಚ್ಚು ಎಲ್ಲ ಭಾಷೆಗಳಿಗೂ ಒಂದೇ. ಅಕ್ಷರ ಮಾತ್ರ ಭಾಷೆಗೊಂದರಂತೆ ಬೇರೆ. ಪುಟ ಜೋಡಿಸುವ ಹುಡುಗನಿಗೆ ಕನ್ನಡ ಓದಲು ಬಾರದು. "ಮೇಡಂ, ಆಪ್ ಕಾ ಕನ್ನಡ ಹಮೇಶಾ ಬಾಹರ್ ನಿಕಲ್ತಾ ಹೈ" ಎಂದು ಗೊಣಗುತ್ತಿದ್ದ. ಮರಾಠಿಗೆಂದು ಬಿಟ್ಟ ಜಾಗದಲ್ಲಿ ಕನ್ನಡದ ಸಾಲು ಹಿಡಿಸುವುದಿಲ್ಲ ಎಂಬುದು ಅವನ ನಿತ್ಯದ ತಕರಾರು. ಈ ಎರಡು ಪುಟಗಳಲ್ಲಿ ಉದ್ದದ ಸಾಲನ್ನು ದೊಡ್ಡ ಜಾಗಕ್ಕೂ ಗಿಡ್ಡದ್ದನ್ನು ಸಣ್ಣ ಜಾಗಕ್ಕೂ ಕೂರಿಸಿದ. ಅವನ ಕಣ್ಣಿಗೆ ಎರಡೂ ಅಂದವಾಗಿ ಕಂಡವು.

ಕೊನೆಯ ಕರಡು ಬಂದ ದಿನ ಹುಡುಗಿ ಓದಿದಳು. ಬಾಯಿ ಕಣ್ಣು ಮುಚ್ಚಿದ್ದರು. ನಾನು ಚಿತ್ರಗಳಿಲ್ಲದ, ಬರೀ ಸಾಲುಗಳ ನನ್ನ ಹಾಳೆ ನೋಡುತ್ತಿದ್ದೆ. 'ಮುಟ್ಟಬೇಡಿ, ಕಚ್ಚುತ್ತದೆ' ಎಂಬಲ್ಲಿ ಅವಳು ನಿಂತು, "ಇದೂ ಕಚ್ತೈತೇನ್ರಿ ಬಾಯಿ?" ಎಂದು ಕೇಳಿದಳು.

"ಹೂಂ, ಕಚ್ತದ. ಮುಂದ ಓದು."

ಹುಡುಗಿ ಮುಂದೆ ಓದಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಮಳೆ ಶುರುವಾಗಿ ಒಂದೆರಡು ದಿನ ಬಿಡುವು ಕೊಟ್ಟಿತ್ತು. ಆ ಶನಿವಾರ ಬೆಳಿಗ್ಗೆ ಸಮುದ್ರದಲ್ಲಿ ಒಳ್ಳೆಯ ಇಳಿತವಿದೆ ಎಂದು ಹುಡುಗಿಯ ಶಾಲೆಯ ಶಿಕ್ಷಕಿ ಮಕ್ಕಳನ್ನು ಜುಹೂ ದಂಡೆಗೆ ಕರೆದೊಯ್ಯುವುದೆಂದು ಗೊತ್ತಾಗಿತ್ತು. ಆ ಮಕ್ಕಳ ಕೈಗೇ ಪುಸ್ತಕ ಮೊದಲು ಸಿಗಲಿ ಎಂದು ಬಾಯಿ ಅಚ್ಚುಕೂಟದಿಂದ ನೇರವಾಗಿ ಶಾಲೆಗೆ ಕಟ್ಟು ಕಳಿಸಿದ್ದರು. ಮೊಣಕಾಲು ಬಾತಿದ್ದರಿಂದ ತಾವು ಹೋಗಲಿಲ್ಲ. ನಮ್ಮ ಪಾಲಿನ ಕಟ್ಟು ಆಫೀಸಿಗೆ ಬಂದದ್ದು ಆ ಶನಿವಾರವೇ. ನಾನು ದಾರ ಕತ್ತರಿಸಿ ಮೇಲಿನ ಪ್ರತಿಯನ್ನು ಅವರ ಮುಂದಿಟ್ಟೆ. ಹೊಸ ಪುಸ್ತಕವನ್ನು ಅವರು ನಿಂತೇ ನೋಡುತ್ತಿದ್ದರು. ಪುಟ ತಿರುಗಿಸುತ್ತ ಹೋದವರು ಒಂದು ಕಡೆ ನಿಂತರು.

"ತಂಗಿ, ಇಲ್ಲಿ ಬಾ. ಇದನ್ನ ಓದು."

ಓದಿದೆ. 'ಇದನ್ನು ನಿಧಾನವಾಗಿ ಎತ್ತಿಕೊಳ್ಳಿ. ಅಂಗೈ ಮೇಲೆ ಇಟ್ಟು ನೋಡಿ.'

"ಚಿತ್ರ ಯಾವುದು?"

ನೀಲಿ ಫುಗ್ಗಾ. 'ಈಗ ಕಿವಿಯ ಹತ್ತಿರ ಹಿಡಿಯಿರಿ' ಎಂಬ ಸಾಲು ಅದರ ಎಳೆಗಳ ಕೆಳಗೇ ಇತ್ತು.

"ಅಕಿ ಕೇಳಿದಳಲ್ಲ" ಎಂದರು ಬಾಯಿ. ದನಿ ಏರಿರಲಿಲ್ಲ. "ಇದೂ ಕಚ್ತೈತೇನು ಅಂತ ಚಿಪ್ಪು ನೋಡಿ ಕೇಳಿದಳು. ನಾ ಹೂಂ ಅಂದೆ."

ಶಿಕ್ಷಕಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮಳೆಗೆ ಹೆದರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಮತ್ತೆ ಮತ್ತೆ ಮಾಡುತ್ತಲೇ ಮೆಟ್ಟಿಲಿಳಿದೆವು. ರಿಕ್ಷಾದವನು ತಲೆಯಾಡಿಸಿದ, "ಜುಹೂ ನಹೀಂ, ಸಬ್‌ವೇ ಮೇಂ ಪಾನಿ ಹೈ." ಹಳಿಯ ಕೆಳಗಿನ ದಾರಿಯಲ್ಲಿ ಮೊನ್ನೆಯ ಮಳೆನೀರು ಇನ್ನೂ ನಿಂತಿತ್ತು. ಪಶ್ಚಿಮಕ್ಕೆ ಹೋಗಲು ಸ್ಟೇಷನ್ನಿನ ಮೇಲ್ಸೇತುವೆಯೊಂದೇ ದಾರಿ. ಬಾಯಿ ಕಂಬಿ ಹಿಡಿದು ಹತ್ತಿದರು. ಬಾತ ಕಾಲನ್ನು ಪ್ರತಿ ಮೆಟ್ಟಿಲಿಗೂ ಕೈಯಿಂದ ಎತ್ತಿಟ್ಟುಕೊಳ್ಳುವಂತೆ ಎಳೆದುಕೊಳ್ಳುತ್ತಿದ್ದರು. ನಾನು ತೋಳು ಹಿಡಿಯಲು ಹೋದರೆ, "ನನ್ನ ಬಿಡು, ಫೋನ್ ಮಾಡು" ಎಂದು ಸಿಡುಕಿದರು. ಲೋಕಲ್ ಬಂದು ನಿಂತಿತು. ಇಳಿದವರೆಲ್ಲ ನಮಗೆದುರಾಗಿ ಹತ್ತಿ ಬಂದರು. "ಸರೀರಿ, ಸರೀರಿ" ಎಂದು ಬಾಯಿ ಆ ಮರಾಠಿ ಗುಜರಾತಿ ಗುಂಪಿಗೆ ಧಾರವಾಡದ ಕನ್ನಡದಲ್ಲೇ ಹೇಳುತ್ತಿದ್ದರು. ತಾವು ಯಾವ ಭಾಷೆಯಲ್ಲಿದ್ದೇವೆಂಬ ಅರಿವೂ ಅವರಿಗಿದ್ದಂತಿರಲಿಲ್ಲ.

ಪಶ್ಚಿಮದಲ್ಲಿ ರಿಕ್ಷಾ ಸಿಕ್ಕಿತು. ಸಿಗ್ನಲ್ಲಿನಲ್ಲಿ ನಿಂತಿತು. ಬಾಯಿಯ ಹೆಬ್ಬೆರಳು ರಿಕ್ಷಾದ ಕಬ್ಬಿಣದ ಸರಳನ್ನು ಒತ್ತುತ್ತಿತ್ತು.

"ಉಳದಾವು ಚಿತ್ರ ನೋಡಿ ಬಿಡ್ತಾವ" ಎಂದರು. "ಅಕಿ ಓದ್ತಾಳ. ಓದಿದ್ದನ್ನ ಮಾಡ್ತಾಳ."

"ಟೀಚರ್ ಇರ್ತಾರಲ್ಲ ಬಾಯಿ."

"ಟೀಚರ್‌ ಕೈಯಾಗೂ ಅದೇ ಪುಸ್ತಕ ಅದ."

ನಾನು ಮತ್ತೆ ಫೋನ್ ಒತ್ತಿದೆ. ಪ್ರತಿ ಸಲವೂ ಅದೇ ರಿಂಗು, ಅದೇ ಮೌನ.

ದಂಡೆಯಲ್ಲಿ ನೀರು ಬಹಳ ಹಿಂದೆ ಸರಿದಿತ್ತು. ಮಕ್ಕಳು ಒದ್ದೆ ಮರಳಿನ ಮೇಲೆ ಅಲ್ಲಲ್ಲಿ ಚದುರಿದ್ದರು. ಒಬ್ಬೊಬ್ಬರ ಕೈಯಲ್ಲೂ ನಮ್ಮ ಪುಸ್ತಕ. ಬೇರೆ ದಿನವಾಗಿದ್ದರೆ ಬಾಯಿ ಕಣ್ಣು ತುಂಬಿಕೊಂಡು ನೋಡುತ್ತಿದ್ದ ನೋಟ. ಗುಂಪೊಂದರ ನಡುವೆ ಆ ಹುಡುಗಿ ನಿಂತಿದ್ದಳು. ಪುಸ್ತಕವನ್ನು ಎಲ್ಲರಿಗಿಂತ ಮೊದಲು ಓದಿದವಳೆಂಬ ಅಧಿಕಾರ ಅವಳ ನಿಲುವಿನಲ್ಲೇ ಕಾಣುತ್ತಿತ್ತು. ಗೆಳತಿಯೊಬ್ಬಳು ಪುಸ್ತಕ ಬಿಡಿಸಿ ಹಿಡಿದಿದ್ದಳು. ಹುಡುಗಿಯ ಬಲ ಅಂಗೈ ಮೇಲೆ ಏನೋ ನೀಲಿಯಾಗಿ ಹೊಳೆಯುತ್ತಿತ್ತು. ಆ ಬಲೂನಿನಂಥ ಭಾಗ ಅಷ್ಟು ಬೇಗ ಕಚ್ಚುವುದಿಲ್ಲ. ಎಳೆಗಳು ಇನ್ನೂ ಮರಳಿಗೆ ಅಂಟಿಕೊಂಡಿದ್ದವು. ಅವಳು ಕೈ ಎತ್ತತೊಡಗಿದಳು, ಕಿವಿಯ ಕಡೆಗೆ.

ಮಕ್ಕಳ ಮುಂದೆ ದನಿ ಎತ್ತಬಾರದು, ಬೇಡ ಎನ್ನುವ ಮೊದಲು ಯಾಕೆಂದು ಹೇಳಬೇಕು ಎಂದು ನನಗೆ ಕಲಿಸಿದವರೇ ಅವರು. ಈಗ ಚಪ್ಪಲಿ ಬಿಟ್ಟು ಕುಂಟುತ್ತ ಓಡಿ, ನಾನು ಹಿಂದೆಂದೂ ಕೇಳಿರದ ದನಿಯಲ್ಲಿ ಕಿರುಚಿದರು. "ಒಗಿ! ಒಗಿ ಅದನ್ನ! ಬೀಸಿ ಒಗಿ!"

ಹುಡುಗಿ ಬೆಚ್ಚಿ ತಿರುಗಿದಳು. ಕೈ ಕೆಳಗಿಳಿಯಿತು. ನೀಲಿ ಉಂಡೆ ಬಿತ್ತು, ಆದರೆ ಎಳೆ ಮಣಿಕಟ್ಟಿಗೆ ಸುತ್ತಿಕೊಂಡಿತು. ಒಂದು ಕ್ಷಣ ಅವಳು ಅದನ್ನು ನೋಡಿದಳು. ಆಮೇಲೆ ಅವಳಿಂದ ಬಂದ ದನಿಯನ್ನು ನಾನು ಬರೆಯಲಾರೆ.

ಶಿಕ್ಷಕಿ ಸೀಟಿ ಊದಿ ಉಳಿದ ಮಕ್ಕಳನ್ನು ಒಣ ಮರಳಿಗೆ ಓಡಿಸಿದರು. ಸುತ್ತ ಜನ ಸೇರಿದರು. ಒಬ್ಬ ಬಿಸ್ಲೇರಿ ಬಾಟಲಿ ಬಿಚ್ಚಿದ. ಚಾಟ್ ಗಾಡಿಯವನು ನಿಂಬೆಹಣ್ಣು ತಂದ, "ನಿಂಬೂ ಲಗಾವ್, ನಿಂಬೂ."

"ಯಾರೂ ಏನೂ ಹಚ್ಚಬ್ಯಾಡ್ರಿ! ಕೋಯಿ ಕುಛ್ ನಹೀಂ ಲಗಾಯೇಗಾ!" ಬಾಯಿ ಮೊಣಕಾಲೂರಿದರು. ತಮ್ಮ ಲೋಕಲ್ ಪಾಸನ್ನು ಹೊರತೆಗೆದು, ಅದರ ಅಂಚಿನಿಂದ ಎಳೆಯನ್ನು ಉಜ್ಜದಂತೆ ಮೇಲೆತ್ತಿ ಸರಿಸಿದರು. ಪಾಸಿಗೆ ಅಂಟದ ತುಂಡುಗಳನ್ನು ಬೆರಳಿನಿಂದಲೇ ಕಿತ್ತರು. ಅವರ ಬೆರಳುಗಳೂ ಕೆಂಪಾದವು, ಒಂದು ಸಲವೂ ಹಾ ಎನ್ನಲಿಲ್ಲ. ನನ್ನಿಂದ ಸಮುದ್ರದ ನೀರನ್ನೇ ತರಿಸಿ ಸುರಿದರು. ಆಮೇಲೆ ಚಹಾದವನ ಹತ್ತಿರ ಬಿಸಿನೀರು. ಮೊದಲು ತಮ್ಮ ಕೈ ಅದ್ದಿ ನೋಡಿ, ಹುಡುಗಿಯ ಕೈಯನ್ನು ಅದರಲ್ಲಿ ಇಳಿಸಿದರು. ಒಂದು ಕೈ ಅವಳ ಬೆನ್ನ ಮೇಲೆ. ಸಮಾಧಾನ ಮಾಡುತ್ತಿದ್ದಾರೆಂದು ನೋಡಿದವರು ತಿಳಿದಿರಬೇಕು. ಅವರು ಅವಳ ಉಸಿರಾಟವನ್ನು ಗಮನಿಸುತ್ತಿದ್ದರು.

ಅಳು ಬಿಕ್ಕಳಿಕೆಗೆ ಇಳಿದಾಗ ಹುಡುಗಿ ಮೊದಲು ಹೇಳಿದ ಮಾತು, "ಪುಸ್ತಕದಾಗ ಹಂಗ ಬರದೈತ್ರಿ ಬಾಯಿ."

"ಹೌದು. ತಪ್ಪು ಬರದೀವಿ."

"ನಾ ಸರಿ ಓದೀನ್ರಿ."

"ನೀ ಸರಿ ಓದಿ. ನಾ ತಪ್ಪು ಹೇಳಿದೆ."

ಹತ್ತಿರದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿಕೊಂಡು ನೋಡಿ, ಅಪಾಯವಿಲ್ಲ ಎಂದರು. ಕಿವಿ, ಮುಖಕ್ಕೆ ತಗಲಿದ್ದರೆ ಮಾತು ಬೇರೆ ಇತ್ತು ಎಂದೂ ಸೇರಿಸಿದರು. ಬಾಯಿ ಆ ಎರಡನೆಯ ವಾಕ್ಯವನ್ನಷ್ಟೇ ಕೇಳಿಸಿಕೊಂಡರೆಂದು ನನಗನ್ನಿಸಿತು.

ಸೋಮವಾರ ನಮ್ಮ ಪ್ರಕಾಶಕರು ಆಫೀಸಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಸುಸ್ತಾದ ಮನುಷ್ಯ. ಆ ಎರಡು ಸಾಲುಗಳ ಮೇಲೆ ಸ್ಟಿಕರ್ ಅಂಟಿಸೋಣ ಎಂದರು. "ಸ್ಟಿಕರ್ ಕೀಳೂದು ಅಂದ್ರ ಮಕ್ಕಳಿಗೆ ಹಬ್ಬ. ಕಿತ್ತ ಮ್ಯಾಲೆ ಏನಿರ್ತದ?" ಎಂದು ಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಅವರಿಗೆ ಹಿಂದಿಯಲ್ಲಿ ಎಲ್ಲ ಪ್ರತಿಗಳನ್ನೂ ರದ್ದಿಗೆ ಹಾಕಬೇಕೆಂದರು. ಹಾಗಾದರೆ ಕನ್ನಡದ ಮುಂದಿನ ಪುಸ್ತಕ ಯಾವಾಗ ಎಂದು ನನ್ನನ್ನು ಕೇಳಬೇಡಿ ಎಂದರು ಪ್ರಕಾಶಕರು. ಬಾಯಿ ಕೇಳಲಿಲ್ಲ. ಬಾಯಿ ಇರುವವರೆಗೆ ಅಲ್ಲಿಂದ ಕನ್ನಡದಲ್ಲಿ ಮತ್ತೊಂದು ಪುಸ್ತಕ ಬರಲೂ ಇಲ್ಲ.

ಪ್ರಕಾಶಕರನ್ನು ಒಪ್ಪಿಸಿದ್ದು ಸುಲಭದ ಕೆಲಸವಾಯಿತು. ಕಷ್ಟ ಇದ್ದದ್ದು ಶಾಲೆಯಲ್ಲಿ. ಮಕ್ಕಳು ಪುಸ್ತಕ ಹಿಂದಿರುಗಿಸಲು ಒಪ್ಪಲಿಲ್ಲ. ಶಾಲೆಯ ಪಠ್ಯವಲ್ಲದ, ತಮ್ಮದೇ ಆದ ಪುಸ್ತಕ ಅವರಿಗೆ ಅದೇ ಮೊದಲನೆಯದು. ಆಗಲೇ ಒಳಪುಟದಲ್ಲಿ ಹೆಸರು ಬರೆದುಕೊಂಡಿದ್ದರು, ಕ್ಯಾಲೆಂಡರಿನ ಹಾಳೆ ಹರಿದು ಹೊದಿಕೆ ಹಾಕಿದ್ದರು. ಒಬ್ಬ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಯಲ್ಲಿ ಬಿಟ್ಟು ಬಂದೆ ಎಂದ. ಬಾಯಿ ತರಗತಿಯ ಮುಂದೆ ನಿಂತು ನಡೆದದ್ದನ್ನು ಹೇಳಿದರು. ಬದಲಿಗೆ ಕಾಗೆಯ ಪುಸ್ತಕ ಕೊಟ್ಟರು. ಒಂದೊಂದಾಗಿ ಪುಸ್ತಕ ಬಂತು, ಮಕ್ಕಳು ಅವರ ಮುಖ ನೋಡಲಿಲ್ಲ. ಕೊನೆಗೆ ಉಳಿದದ್ದು ಒಂದೇ ಪ್ರತಿ. ಅದರ ಒಡತಿ ಅವತ್ತು ಶಾಲೆಗೆ ಬಂದಿರಲಿಲ್ಲ.

ಸಂಜೆ ಸಾಂತಾಕ್ರೂಜ್‌ಗೆ ಹೋದೆವು. ಚಾಳಿನ ಕಿರಿದಾದ ಕೋಣೆ. ಹುಡುಗಿ ಮಂಚದ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಈಗಷ್ಟೇ ಅಕ್ಷರ ಕೂಡಿಸಿ ಓದತೊಡಗಿದ್ದ ಅವಳ ತಂಗಿ. ಮಣಿಕಟ್ಟಿನ ಸುತ್ತ ಕೆಂಪು ಮಣಿಗಳನ್ನು ಪೋಣಿಸಿದಂತೆ ಗುರುತು ಎದ್ದಿತ್ತು.

ಅವಳಮ್ಮ ಚಾಪೆ ಹಾಸುತ್ತ ಸಂಕೋಚದಿಂದ ಹೇಳಿದಳು, "ಇಕಿದೇ ತಪ್ಪು ಬಾಯಾರ. ಕಂಡದ್ದಕ್ಕೆಲ್ಲಾ ಕೈ ಹಾಕತಾಳ. ನಿಮಗ ಸುಮ್ಮನ ತ್ರಾಸ್."

"ಇಲ್ರಿ. ಕೈ ಹಾಕು ಅಂದಾಕಿ ನಾ." ಬಾಯಿ ಚಾಪೆಯ ಮೇಲೆ ಕೂರಲಾಗದೆ ಗೋಡೆಗೊರಗಿ ನಿಂತಿದ್ದರು. "ಪುಸ್ತಕ ಕೊಡವ್ವಾ."

"ಕೊಡಂಗಿಲ್ಲ."

"ಅದರಾಗ ತಪ್ಪು ಅದ."

"ನನಗ ಗೊತ್ತೈತಲ್ಲ ಯಾವುದು ತಪ್ಪು ಅಂತ. ನನಗಿಂತ ಯಾರಿಗೆ ಗೊತ್ತೈತಿ?"

"ನಿನಗ ಗೊತ್ತದ. ನಿನ್ನ ತಂಗಿಗೆ?"

ಹುಡುಗಿ ತಂಗಿಯನ್ನು ನೋಡಿದಳು. ಪುಸ್ತಕ ಬೆನ್ನ ಹಿಂದೆ ಹೋಯಿತು. ತಾಯಿ ಕಸಿಯಲು ಮುಂದಾದಳು. ಬಾಯಿ ಅಡ್ಡ ಕೈ ಚಾಚಿ ತಡೆದರು. ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಲು ಅವರಿಂದಾಗದು, ಆ ಪುಟವನ್ನು ಅಲ್ಲಿ ಬಿಟ್ಟು ಹೋಗಲೂ ಆಗದು. ಅವರ ಹೆಬ್ಬೆರಳು ಗೋಡೆಯನ್ನು ಒತ್ತುತ್ತಿರುವುದು ನನಗೆ ಕಾಣುತ್ತಿತ್ತು.

"ಪೆನ್ನು ಕೊಡ್ರಿ" ಎಂದಳು ಹುಡುಗಿ.

ನಾನು ಕೊಟ್ಟೆ. ಬಾತ ಬೆರಳುಗಳಲ್ಲಿ ಅದನ್ನು ಮುಷ್ಟಿ ಮಾಡಿ ಹಿಡಿದು, ನೀಲಿ ಚಿತ್ರದ ಕೆಳಗಿನ ಸಾಲುಗಳನ್ನು ಅಡ್ಡಗೆರೆಗಳಿಂದ ಪೂರಾ ಅಳಿಸಿದಳು. ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು: 'ಇದು ಸುಳ್ಳು. ನಾನು ಮುಟ್ಟೀನಿ.'

ತಂಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಅಕ್ಕನ ಕೈ ನೋಡಿದಳು.

ಬಾಯಿ ಎದುರಿನ ಪುಟ ತೋರಿಸಿದರು. ಚಿಪ್ಪಿನ ಚಿತ್ರ, ಅದರ ಕೆಳಗೆ 'ಇದನ್ನು ಮುಟ್ಟಬೇಡಿ.'

"ಇದು?"

"ಇದು ಕಚ್ಚೂದಿಲ್ಲ ಅಂತ ನೀವು ಹೇಳ್ತೀರಿ."

"ಹೌದು."

"ಆವತ್ತು ಓದಿದಾಗ ಕಚ್ತದ ಅಂದಿದ್ರಿ."

ಬಾಯಿ ತಮ್ಮ ಬಟ್ಟೆಚೀಲಕ್ಕೆ ಕೈ ಹಾಕಿ ಅಂಥದೇ ಒಂದು ಚಿಪ್ಪು ತೆಗೆದು ಮಂಚದ ಮೇಲೆ, ಹುಡುಗಿಯಿಂದ ಒಂದು ಮೊಳ ದೂರದಲ್ಲಿ ಇಟ್ಟರು. ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು. ಯಾವ ನೀರಿಗೂ ಯಾವ ಹುಳಕ್ಕೂ ಹೆದರದ ಮಗು ಅದು. ಈಗ ಬೆರಳುಗುರಿನಷ್ಟು ತೆಳ್ಳಗಿನ ಒಂದು ಖಾಲಿ ಚಿಪ್ಪನ್ನು ನೋಡಿ ಗೋಡೆಗೆ ಒತ್ತಿಕೊಂಡಿತ್ತು. ಬಾಯಿಯ ಮುಖದಲ್ಲಿ ಆಗ ಕಂಡ ಭಯ ದಂಡೆಯ ಮೇಲೆ ಓಡುವಾಗಲೂ ನನಗೆ ಕಂಡಿರಲಿಲ್ಲ.

"ನೀವು ಮೊದಲ ಹಿಡೀರಿ" ಎಂದಳು ಹುಡುಗಿ.

ಬಾಯಿ ಹಿಡಿದರು. ಅಂಗೈ ಮೇಲೆ ಇಟ್ಟುಕೊಂಡರು. ಕಿವಿಗೆ ಹಿಡಿದರು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಪರೀಕ್ಷೆಗೆ ಕುಳಿತವರನ್ನು ನೋಡುವ ನೋಟ. ಹೊರಗೆ ನಲ್ಲಿಯ ಹತ್ತಿರ ಯಾರೋ ಬಕೆಟಿಗಾಗಿ ಜಗಳವಾಡಿ ಮುಗಿಸಿದರು. ಬಾಯಿ ಚಿಪ್ಪನ್ನು ಇಳಿಸಲಿಲ್ಲ.

ಕೊನೆಗೆ ಹುಡುಗಿ ಎಡಗೈ ಚಾಚಿದಳು. ಬೆರಳ ತುದಿಯಿಂದ ಮುಟ್ಟಿ ಹಿಂದೆಗೆದಳು. ಮತ್ತೆ ಮುಟ್ಟಿದಳು. ಎತ್ತಿಕೊಂಡಳು. ಅಂಗೈ ಮೇಲೆ ಇಟ್ಟು ಕಾದಳು, ಮಣಿಕಟ್ಟಿನ ಕಡೆ ಕಣ್ಣಿಟ್ಟು. ಕಿವಿಯ ಹತ್ತಿರ ಒಯ್ಯಲಿಲ್ಲ. ಬಹಳ ಹೊತ್ತಿನ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಚಿಪ್ಪಿನ ಚಿತ್ರದ ಕೆಳಗಿನ ಸಾಲನ್ನೂ ಹೊಡೆದು ಹಾಕಿ, ಬರೆದಳು: 'ಇದು ಇನ್ನೂ ಕಚ್ಚಿಲ್ಲ.'

ಪುಸ್ತಕವನ್ನು ಬಾಯಿಯ ಕಡೆ ತಿರುಗಿಸಿ ಹಿಡಿದಳು. ಬಾಯಿ ಕನ್ನಡಕ ಹಾಕಿಕೊಂಡು ಎರಡೂ ಪುಟಗಳನ್ನು ಓದಿದರು, ಒಂದೊಂದು ಸಾಲಿಗೂ ಚಿತ್ರಕ್ಕೂ ಬೆರಳಿಟ್ಟು. ಏನನ್ನೂ ತಿದ್ದಲಿಲ್ಲ. ಆಮೇಲೆ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು, ನನ್ನ ಪೆನ್ನನ್ನೂ ಅವಳ ಕೈಯಲ್ಲೇ ಬಿಟ್ಟು, ಚಪ್ಪಲಿ ಹುಡುಕತೊಡಗಿದರು.